ಕನ್ನಡಿಗೆ ಕಾಣದ ಜಾಗ

ನಾನು ಒಂದು ಕಪ್ಪು ಸೈಕಲ್ಲು. ಮೈಸೂರಿನ ಅಂಗಡಿಯೊಂದರಲ್ಲಿ ಚಕ್ರ, ಚೈನು ಎಲ್ಲ ಜೋಡಿಸಿ ನನ್ನನ್ನು ನಿಲ್ಲಿಸಿದ ದಿನವೇ ಗುರುಮಲ್ಲಪ್ಪನವರು ಕೊಂಡುಕೊಂಡರು. ಕಾಲೇಜಿನಲ್ಲಿ ಅಟೆಂಡರ್ ಆಗಿದ್ದ ಅವರು ಬಹಳ ಮೆದು ಮಾತಿನವರು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದರೆ, ಬಸ್ಸು ಲಾರಿಗಳ ಎಡಬದಿಯ ಸಂದಿಯಲ್ಲಿ ನನ್ನನ್ನು ತೂರಿಸಿ, ಫುಟ್‌ಪಾತಿನ ಅಂಚಿಗೆ ಒಂದು ಕಾಲು ಕೊಟ್ಟು ನಿಲ್ಲುತ್ತಿದ್ದರು. ಇಪ್ಪತ್ತೆರಡು ವರ್ಷ ಹಾಗೆಯೇ ನಿಂತೆವು.

ಮೊಣಕಾಲು ನೋವು ಹೆಚ್ಚಾದಾಗ ನನ್ನನ್ನು ಮಗಳು ನೀಲಾಂಬಿಕೆಗೆ ಕೊಟ್ಟರು.

"ಸಿಗ್ನಲ್ಲಲ್ಲಿ ಎಡಕ್ಕೆ ಒತ್ಕೊಂಡು ನಿಂತ್ಕೋ ಮಗಾ. ಅದೇ ಸೇಫು."

ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಆಕೆ ಅಪ್ಪ ಹೇಳಿದ ಹಾಗೆಯೇ ಮಾಡಿದಳು.

ಒಂದು ಬೆಳಿಗ್ಗೆ ಪಕ್ಕದಲ್ಲಿ ಇಟ್ಟಿಗೆ ಲಾರಿ ನಿಂತಿತ್ತು. ಹಸಿರು ದೀಪ ಬಂದದ್ದೇ ಲಾರಿ ಎಡಕ್ಕೆ ತಿರುಗಿತು. ಮುಂದಿನ ಚಕ್ರ ನಮ್ಮನ್ನು ದಾಟಿತು, ಹಿಂದಿನವು ನೇರ ನಮ್ಮ ಮೇಲೇ ಬಂದವು. ನೀಲಾಂಬಿಕೆ ನನ್ನನ್ನು ಬಿಟ್ಟು ಫುಟ್‌ಪಾತಿಗೆ ಹಾರಿಬಿದ್ದಳು. ನನ್ನ ಹಿಂದಿನ ಚಕ್ರ ಹಪ್ಪಳದಂತೆ ಸೊಟ್ಟಗಾಯಿತು.

ಡ್ರೈವರ್ ಶಫಿ ಕೆಳಗಿಳಿದು ಓಡಿಬಂದ. "ಅಕ್ಕಾ, ಎಲ್ಲಿದ್ರಿ ನೀವು?"

"ನಿಮ್ಮ ಎಡಬಾಗಿಲ ಪಕ್ಕದಲ್ಲೇ ಇದ್ನಲ್ಲಾ! ಕಣ್ಣು ಕಾಣ್ಸಲ್ವಾ?"

ಅವನು ಜಗಳಕ್ಕೆ ಬರಲಿಲ್ಲ. ನನ್ನನ್ನು ಎತ್ತಿ ತಂದು ಆ ಬಾಗಿಲಿಗೇ ಒರಗಿಸಿದ. "ಒಂದ್ಸಲ ನನ್ನ ಸೀಟಲ್ಲಿ ಕೂತು ನೋಡಿ ಅಕ್ಕಾ."

ಆಕೆ ಹತ್ತಿ ಕೂತಳು. ಎಡಗಡೆಯ ಕನ್ನಡಿಯತ್ತ ಬಗ್ಗಿ ನೋಡಿದಳು. ಆಮೇಲೆ ಮೇಲಿನಿಂದ ಸಣ್ಣ ದನಿ ಕೇಳಿಸಿತು: "ಸೈಕಲ್ ಎಲ್ಲಿ? ಯಾರು ತೆಗೆದ್ರು?"

ನಾನು ಅಲ್ಲೇ ಇದ್ದೆ.

"ಗಾಡಿ ಹಿಂದೆ ನಿಂತ್ಕೊಳ್ಳಿ. ಇಲ್ಲಾ, ನನ್ನ ಮುಖ ನಿಮಗೆ ಕಾಣೋಷ್ಟು ಮುಂದೆ ಬನ್ನಿ. ಪಕ್ಕದಲ್ಲಿ ಮಾತ್ರ ಬೇಡ ಅಕ್ಕಾ," ಎಂದ ಶಫಿ.

ಸಂಜೆ ಗುರುಮಲ್ಲಪ್ಪನವರು ನನ್ನ ಸೊಟ್ಟ ಚಕ್ರ ಸವರುತ್ತಾ ಮಗಳಿಗೆ ಹೇಳಿದರು. "ಇಷ್ಟು ವರ್ಷ ಒಬ್ಬರಿಗೂ ಕಾಣ್ತಿರ್ಲಿಲ್ವಾ ನಾನು? ಆ ಜಾಗ ನಿಂಗೆ ತೋರ್ಸಿದ್ದೂ ನಾನೇ." ಅಂದು ಅವರು ಊಟ ಮಾಡಲಿಲ್ಲ.

ನನ್ನ ರಿಪೇರಿಯಾದ ಮೇಲೆ ಒಂದು ದಿನ, ನನ್ನನ್ನೇ ಆಸರೆಗೆ ಹಿಡಿದು ಮೆಲ್ಲಗೆ ಆ ಸಿಗ್ನಲ್ಲಿಗೆ ನಡೆದರು. ಕೆಂಪು ದೀಪವಿತ್ತು. ಊಟದ ಡಬ್ಬಿ ತೂಗುಹಾಕಿದ್ದ ಸೈಕಲ್ಲಿನವನೊಬ್ಬ ಬಸ್ಸಿನ ಎಡಸಂದಿಗೆ ನುಗ್ಗಿದ.

"ಹಿಂದಕ್ಕೆ ಬಾರಯ್ಯಾ! ಡ್ರೈವರ್‌ಗೆ ನೀನು ಕಾಣ್ತಿಲ್ಲ!"

ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲೇ ಇಲ್ಲ. ಆತ ಸಿಡುಕುತ್ತಲೇ ಹಿಂದೆ ಸರಿದ. ಬಸ್ಸು ಎಡಕ್ಕೆ ತಿರುಗಿತು. ಆತ ನಿಂತಿದ್ದ ಜಾಗದಲ್ಲೇ ಹಿಂದಿನ ಚಕ್ರ ಅಂಚುಗಲ್ಲನ್ನು ಉಜ್ಜಿಕೊಂಡು ಹೋಯಿತು. ಹಸಿರು ಇದ್ದರೂ ಆತ ಮುಂದೆ ಹೋಗಲಿಲ್ಲ. ಬಾಯಿ ತೆರೆದು ನಮ್ಮನ್ನೇ ನೋಡುತ್ತಿದ್ದ.

ನೀಲಾಂಬಿಕೆ ಈಗ ಹೊಸ ಸೈಕಲ್ಲು ತಂದಿದ್ದಾಳೆ. ನಾನು ಮೆಟ್ಟಿಲ ಕೆಳಗೆ ತುಕ್ಕು ಹಿಡಿಯುತ್ತಿದ್ದೇನೆ. ಒಂದೊಂದು ಸಲ, ಗುರುಮಲ್ಲಪ್ಪನವರೂ ನಾನೂ ಆ ಸಂದಿಯಲ್ಲಿ ನೆಮ್ಮದಿಯಾಗಿ ನಿಂತ ಕೆಂಪು ದೀಪಗಳನ್ನು ಎಣಿಸಲು ಹೋಗುತ್ತೇನೆ. ಸ್ವಲ್ಪ ಎಣಿಸುವಷ್ಟರಲ್ಲಿ ಹೆದರಿಕೆಯಾಗಿ ನಿಲ್ಲಿಸಿಬಿಡುತ್ತೇನೆ.