ಮೇಲ್ದವಡೆಯ ಬಾಡಿಗೆದಾರ

ಮುಂದಿನ ಕೋಣೆಯಲ್ಲಿ ತಂಗಿ ಹಲ್ಲು ಕೀಳುತ್ತಿದ್ದಳು, ಹಿಂದಿನ ಕೋಣೆಯಲ್ಲಿ ಅಣ್ಣ ಹಲ್ಲು ಕಟ್ಟುತ್ತಿದ್ದ. ತಂಗಿ ಡಾಕ್ಟರು. ಅಣ್ಣ ಮೇಣ, ಅಚ್ಚು, ಗುಲಾಬಿ ಬಣ್ಣದ ಅಕ್ರಿಲಿಕ್ಕಿನ ನಡುವೆ ಕೂತು ಕಟ್ಟುಹಲ್ಲಿನ ಸೆಟ್ ಮಾಡುವವನು. "ನೀನು ಕಿತ್ತಷ್ಟೂ ನನಗೆ ಅನ್ನ" ಎಂದು ಅವನು ಅಲ್ಲಿಂದಲೇ ಕೂಗುತ್ತಿದ್ದ. "ಅಣ್ಣಾ, ಮೆತ್ತಗೆ! ಹೊರಗೆ ಜನ ಕೂತಿದಾರೆ" ಎಂದು ಅವಳು ಬಾಗಿಲು ಎಳೆದುಕೊಳ್ಳುತ್ತಿದ್ದಳು.

ಜನ ಕೂರುವ ಜಾಗದಲ್ಲಿ ಒಂದು ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಆಕ್ಸಲಾಟಲ್ ಮರಿಗಳು. ನೀರು ಬಿಟ್ಟು ಹೊರಗೆ ಬಾರದಿದ್ದರೂ ಅವು ಮೀನಲ್ಲ. ನಾಲ್ಕು ಕಾಲು, ತಲೆಯ ಎರಡೂ ಬದಿಗೆ ಗರಿಯಂಥ ಕಿವಿರು, ಸದಾ ನಗುತ್ತಿರುವ ಹಾಗೆ ಕಾಣುವ ಅಗಲ ಬಾಯಿ. ಸೂಜಿಗೆ ಹೆದರುವ ಮಕ್ಕಳ ಎದುರು ನಗುವವರು ಯಾರಾದರೂ ಇರಲಿ ಎಂದು ಡಾಕ್ಟರೇ ತರಿಸಿದ್ದಳು. ಆದರೆ ನಗುವವರೆಲ್ಲ ಸಾಧುಗಳೇನಲ್ಲ. ಹಸಿವಾದರೆ ಈ ಮರಿಗಳು ಪಕ್ಕದವರ ಕಾಲಿಗೇ ಬಾಯಿ ಹಾಕುತ್ತವೆ. ಆ ಸೋಮವಾರ ಬಾಗಿಲು ತೆಗೆದಾಗ ಎಲ್ಲಕ್ಕಿಂತ ಚಿಕ್ಕದರ ಮುಂಗಾಲೊಂದು ಮೊಣಕೈವರೆಗೆ ಮಾಯವಾಗಿತ್ತು.

"ಆಸ್ತಿ ಪಾಸ್ತಿ ಏನೂ ಇಲ್ದೇನೇ ಅಣ್ಣತಮ್ಮಂದಿರು ಹೀಗೆ ನೋಡು" ಎಂದ ಅವನು.

"ಅಕ್ಕತಂಗಿಯರಾಗಿದ್ರೆ ಕಾಲು ಬಿಟ್ಟು ಬರೀ ತಲೆ ತಿಂತಿದ್ರು" ಎಂದಳು ತಂಗಿ.

ತೊಟ್ಟಿ ತೊಳೆಯಲು ಬರುವ ಮೀನಿನಂಗಡಿಯವನಿಗೆ ಫೋನು ಹೋಯಿತು. ಅವನು ಸಲೀಸಾಗಿ ಹೇಳಿದ: "ಬೇರೆ ಡಬ್ಬದಲ್ಲಿ ಇಡಿ ಮೇಡಂ. ತಿಂದ್ರೆ ಉಳಿಯುತ್ತೆ, ಕಾಲೂ ಬರುತ್ತೆ. ತಿನ್ನಲಿಲ್ಲ ಅಂದ್ರೆ ಭಾನುವಾರ ಬಂದಾಗ ತಗೊಂಡ್ಹೋಗ್ತೀನಿ, ನಮ್ಮ ಆಮೆಗೆ ಒಂದು ಹೊತ್ತಿನ ಊಟ."

ಆಮೆಯ ಮಾತು ಆ ಹೊತ್ತಿಗೆ ಅಣ್ಣನ ತಲೆಗೆ ಹೋಗಲೇ ಇಲ್ಲ. "ಕಾಲು ಬರುತ್ತಾ?" ಎಂದ.

"ಬೆರಳು ಸಮೇತವಂತೆ."

ಅವನು ಅಲ್ಲೇ ಸ್ಟೂಲಿನ ಮೇಲೆ ಕುಳಿತ. ಹೋದದ್ದು ಬರುವುದಿಲ್ಲ, ಅದರ ಜಾಗಕ್ಕೆ ಬೇರೊಂದನ್ನು ಕೂರಿಸಬಹುದು, ಅಷ್ಟೇ. ಈ ಮಾತಿನ ಮೇಲೆ ಅವನ ಕಸುಬು ನಿಂತಿತ್ತು. ಹೋದದ್ದೇ ತಿರುಗಿ ಬರುವುದನ್ನು ಸಾಯುವುದರೊಳಗೆ ಒಮ್ಮೆ ನೋಡಬೇಕು ಅನ್ನಿಸಿತು.

ಮರಿ ಹಿಂದಿನ ಕೋಣೆಯ ಡಬ್ಬಕ್ಕೆ ಬಂತು, ಮೊಂಡ ಎಂದು ಹೆಸರಾಯಿತು. ಹಿಂದಿನ ದಿನವೇ ಹಿಡಿದಿಟ್ಟ ನೀರು, ನೀರು ತಣ್ಣಗಿರಲಿ ಎಂದು ಐಸು ಕಟ್ಟಿದ ಪುಟ್ಟ ಬಾಟಲಿ, ಕತ್ತರಿಸಿದ ಎರೆಹುಳು. ಉಪಚಾರಕ್ಕೆ ಏನೂ ಕಡಿಮೆಯಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಗಾಯ ಕಾಣಬೇಕಲ್ಲ, ಅದಕ್ಕೆ ಅವನು ತನ್ನ ಕೆಲಸದ ಮೇಜಿನ ದೀಪವನ್ನು ಡಬ್ಬದ ಮೇಲಕ್ಕೇ ಬಗ್ಗಿಸಿಟ್ಟ. ರೋಗಿಗಳ ನಡುವೆ ಬಿಡುವಾದಾಗ ತಂಗಿ ಹಿಡಿಕೆಯ ಪುಟ್ಟ ಕನ್ನಡಿ ತಂದು ಅಡಿಯಿಂದಲೂ ನೋಡುತ್ತಿದ್ದಳು. ಮೊಂಡ ಮಾತ್ರ ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ.

"ನನ್ನ ಮುಂದೆ ಎಂಥೆಂಥವರೋ ಬಾಯಿ ತೆಗೆದಿದಾರೆ. ಬೆರಳುದ್ದದ ಇದು ತೆಗೀತಿಲ್ಲ ನೋಡು" ಎಂದಳು ತಂಗಿ.

"ಒಂದು ಕಾಲು ನಾನೇ ಮಾಡಿ ಹಾಕಲಾ?"

"ಮೊದಲು ಅಳತೆ ತಗೋ, ನೋಡೋಣ."

ತಮಾಷೆ ಮಾಡಿದರೂ ಅವನ ಎದೆಯಲ್ಲಿ ಆಮೆಯ ಭಾನುವಾರ ಹತ್ತಿರವಾಗುತ್ತಿತ್ತು. ಹುಳು ಮುಟ್ಟದೆ ಬಿದ್ದಿರುತ್ತಿತ್ತು. ಅದನ್ನು ತೆಗೆದು ಹೊಸದು ಹಾಕುತ್ತಿದ್ದ. ಕಿವಿರಿನ ಗರಿಗಳು ಮುದುಡಿದ್ದವು.

ಶನಿವಾರ ಅಚ್ಚೊಂದನ್ನು ಕೊಡಲು ಮುಂದಿನ ಕೋಣೆಗೆ ಹೋದ. ಕುರ್ಚಿಯಲ್ಲಿ ಹುರಿಮೀಸೆಯ ಲಾರಿ ಡ್ರೈವರೊಬ್ಬ ಒರಗಿದ್ದ. ತಂಗಿ ದೀಪ ಹಾಕಿ "ಬಾಯಿ ತೆಗೀರಿ" ಎಂದಳು. ಡ್ರೈವರು ಬಾಯಿ ತೆಗೆಯುವ ಮೊದಲು ಗಟ್ಟಿಯಾಗಿ ಕಣ್ಣು ಮುಚ್ಚಿದ.

ಎಲ್ಲರೂ ಮುಚ್ಚುತ್ತಾರೆ. ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ. ಅವನು ಹಿಂದಕ್ಕೆ ಓಡಿಬಂದು ಡಬ್ಬದೊಳಗೆ ಬಗ್ಗಿದ. ಮೊಂಡನ ಕಣ್ಣು ಎರಡು ಕರಿಯ ಚುಕ್ಕಿ. ರೆಪ್ಪೆಯೇ ಇಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ದೀಪ ಆರಿಸಿದ.

ಬಾಯಿ ಎಂದರೆ ಬೆಳಕು ಹಿಡಿಯುವುದೊಂದೇ ಗೊತ್ತಿದ್ದ ಅಣ್ಣತಂಗಿ ಪಾಪದ ಪ್ರಾಣಿಗೆ ಐದು ದಿನ ನೆತ್ತಿಯ ಮೇಲೆ ಸೂರ್ಯನನ್ನು ಕೂರಿಸಿದ್ದರು. ಈಗ ಅದಕ್ಕೊಂದು ಕತ್ತಲೆ ಮೂಲೆ ಬೇಕಿತ್ತು. ಅತ್ತಿತ್ತ ನೋಡಿದ. ಕಪಾಟಿನಲ್ಲಿ ಅಳತೆ ಕೊಟ್ಟು ಮತ್ತೆ ಬಾರದವರ ಸೆಟ್ಟುಗಳು ನೀರಿನಲ್ಲಿ ಕೂತಿದ್ದವು. ಒಂದು ಮೇಲ್ದವಡೆಯನ್ನು ಎತ್ತಿಕೊಂಡ. ಅಂಗುಳ ಒಳ್ಳೆ ಗುಮ್ಮಟದ ಹಾಗಿತ್ತು. ಅವನೇ ಉಜ್ಜಿ ನುಣುಪು ಮಾಡಿದ್ದು, ಎಲ್ಲೂ ಗೀರುವ ಅಂಚಿಲ್ಲ. ಚೆನ್ನಾಗಿ ತೊಳೆದು ಡಬ್ಬದ ತಳದಲ್ಲಿ ಹಲ್ಲೂರಿ ನಿಲ್ಲಿಸಿದ. ಮೊಂಡ ಕುಂಟುತ್ತ ಹೋಗಿ ಹಿಂದಿನ ತೆರವಿನಿಂದ ಅದರಡಿ ನುಸುಳಿತು. ಹೊರಗುಳಿದದ್ದು ಬಾಲ ಮಾತ್ರ.

ಅವನು ಇಕ್ಕಳದಲ್ಲಿ ಹುಳು ಹಿಡಿದು ಬಾಲದ ಪಕ್ಕದಿಂದ ಒಳಗೆ ತೂರಿಸಿ ಕಾದ. ಪಟ್ಟನೆ ಏನೋ ಎಳೆಯಿತು. ಇಕ್ಕಳ ಖಾಲಿ.

"ತಂಗೀ! ತಿಂತು!"

ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಡ್ರೈವರೂ ಎದ್ದು ಬಂದು ನೋಡಿದ.

ಮರುದಿನ ಮೀನಿನಂಗಡಿಯವನು ಪ್ಲಾಸ್ಟಿಕ್ ಚೀಲ ಹಿಡಿದೇ ಬಂದ. ಡಬ್ಬದೊಳಗೆ ಇಣುಕಿದ. "ಸಾರ್, ಇಲ್ಲಿ ಯಾರು ಯಾರನ್ನ ತಿಂತಿದಾರೆ?" ಎಂದ. ಆಮೆಗೆ ಆ ದಿನ ಉಪವಾಸ.

ಆಮೇಲೆ ನೀರು ಬದಲಿಸುವುದು, ಹುಳು ಕತ್ತರಿಸುವುದು, ಮತ್ತೆ ನೀರು ಬದಲಿಸುವುದು. ಮೊದಲು ಗಾಯದ ತುದಿ ಮುಚ್ಚಿತು. ಅಲ್ಲಿ ಸಾಸಿವೆಯಷ್ಟು ಉಬ್ಬು ಎದ್ದಿತು. ಉಬ್ಬು ಉದ್ದವಾಗಿ ಚಪ್ಪಟೆಯಾಯಿತು. ಒಂದು ದಿನ ಅದರ ತುದಿ ಸೀಳಿ ಎರಡು ಮೊಗ್ಗಾದಾಗ ಅವನು ಯಾರದೋ ಸೆಟ್ಟನ್ನು ಅರ್ಧಕ್ಕೆ ಬಿಟ್ಟು ಸಂಜೆಯವರೆಗೂ ಡಬ್ಬದ ಮುಂದೆ ಕೂತ. ತಂಗಿ ರೇಗಿಸಲು ಬಂದವಳು ತಾನೂ ಸ್ಟೂಲೆಳೆದು ಪಕ್ಕದಲ್ಲಿ ಕೂತಳು.

ಅಂಥ ಹೊತ್ತಿಗೇ ಆ ಮೇಲ್ದವಡೆಯ ಒಡತಿ ಬಂದರು. ನಿವೃತ್ತ ಹೆಡ್‌ಮಿಸ್ಸು. ಅಳತೆ ಕೊಟ್ಟ ಮೇಲೆ ಮಗಳ ಬಾಣಂತನಕ್ಕೆ ಹೋದವರು ಕೂಸು ಹೊರಳುವವರೆಗೂ ಅಲ್ಲೇ ಉಳಿದಿದ್ದರು. "ನನ್ನ ಹಲ್ಲು ಕೊಡಪ್ಪ" ಎಂದರು ಬೊಚ್ಚು ಬಾಯಿಯಲ್ಲಿ.

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಡಬ್ಬ ತೋರಿಸಿದ. ಅವರು ಕನ್ನಡಕ ಏರಿಸಿ ಬಗ್ಗಿದರು. ತಮ್ಮ ಹಲ್ಲುಗಳ ಹಿಂದಿನಿಂದ ಮೊಂಡ ಹೊರಗೆ ತಲೆ ಹಾಕಿ, ಅರೆಬರೆ ಬೆರಳಿನ ಗಾಜಿನಂಥ ಕೈಯನ್ನು ಊರಿತು.

"ಇವನ್ಯಾರು? ನಾನು ಹಾಕ್ಕೊಂಡು ನಗೋದಕ್ಕೆ ಮುಂಚೆ ಇವನೇ ನಗ್ತಿದಾನಲ್ಲ!"

"ಅಮ್ಮಾ, ಹೊಸದು ಮಾಡಿಕೊಡ್ತೀನಿ. ದುಡ್ಡು ಬೇಡ. ಇವನ ಬೆರಳು ಪೂರ್ತಿ ಬರೋವರೆಗೆ..."

"ಬಾಣಂತಿ ಮನೇಲಿ ಮೆತ್ತಗಿನ ಅನ್ನ ತಿಂದು ರೂಢಿಯಾಗಿದೆ, ಇನ್ನಷ್ಟು ದಿನ ತಿಂತೀನಿ ಬಿಡು" ಎಂದು ಅವರೇ ಹೋಗಿ ಕುರ್ಚಿ ಹತ್ತಿದರು. "ಆದ್ರೆ ಈ ಸಲ ಅಂಗುಳ ಅಷ್ಟು ವಿಶಾಲವಾಗಿ ಬೇಡಪ್ಪ. ನಮ್ಮನೇಲಿ ಬೆಕ್ಕಿದೆ."

ಅವನು ಅಳತೆಯ ಹಿಟ್ಟು ಕಲಸಿ ತಂದು "ಬಾಯಿ ತೆಗೀರಿ ಅಮ್ಮ" ಎಂದ. ಅವರು ಕಣ್ಣು ಮುಚ್ಚಿದರು. ಅವನು ಕೈಯೆತ್ತಿ ದೀಪವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದ.