ಮೂವತ್ತಾರು ಘನ ಮೀಟರು

ಎರ್ಸಿಲಿಯಾಳನ್ನು ಒಂದು ಮಾತೂ ಕೇಳದೆ ಅವಳ ಸಂಗತಿ ಹೇಳುವುದು ಸರಿಯಲ್ಲ. ಲೆಕ್ಕವಿರುವ ಕಥೆಯಾದ್ದರಿಂದ ತಪ್ಪೀತೆಂಬ ಭಯವೂ ಇದೆ. ಓದುವವರು ಕ್ಷಮಿಸಬೇಕು.

"ತುಂಬ್ತು!" ಎಂದು ನೀರುಗಂಟಿ ನೊಲ್ಬೆರ್ತೊ ಕೂಗಿದ. ಎರ್ಸಿಲಿಯಾ ಗಡಿಯಾರದ ಗುಂಡಿ ಒತ್ತಿದಳು. ಒರತೆಯ ನೀರೆಲ್ಲ ಬಂದು ಬೀಳುವ ಕೊಳವೆಯ ಕೆಳಗೆ ಇನ್ನೂರು ಲೀಟರಿನ ಡ್ರಮ್ಮು. ಇಪ್ಪತ್ತು ಸೆಕೆಂಡು. ಆ ಕಣಿವೆಯಲ್ಲಿ ಬೇರೆ ನೀರಿಲ್ಲ.

"ಹೋದ ವರ್ಷಾನೂ ಇಷ್ಟೇ, ಸೆಕೆಂಡಿಗೆ ಹತ್ತು ಲೀಟ್ರು. ಬೇಗ ಬರ್ಕೊ ತಾಯಿ, ಹೊಟ್ಟೆ ಚುರುಗುಟ್ತಿದೆ."

"ತಡೀರಿ ದೋನ್ ನೊಲ್ಬೆರ್ತೊ. ಈ ಸಲ ನೀರಿನ ಕಚೇರಿ ಫಾರಮ್ಮಲ್ಲಿ ಗಂಟೆಗೆ ಎಷ್ಟು ಘನ ಮೀಟ್ರು ಅಂತ ಕೇಳಿದಾರೆ."

"ಹೆಸರು ಬದಲಾಯಿಸಿದ್ರೆ ನೀರು ಜಾಸ್ತಿ ಬರುತ್ತಾ?"

ಅವಳು ನಕ್ಕಳು. ನಲವತ್ತು ದಾಟಿದ ಮೇಲೆ ಸಂಜೆ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದವಳು. ಅದರ ಬಲದಿಂದಲೇ ನೀರಿನ ಸಮಿತಿಯ ಕಾರ್ಯದರ್ಶಿಯಾದವಳು. ಗಂಟೆಗೆ ಮೂರು ಸಾವಿರದ ಆರುನೂರು ಸೆಕೆಂಡು. ಹತ್ತರಿಂದ ಗುಣಿಸಿದರೆ ಮೂವತ್ತಾರು ಸಾವಿರ ಲೀಟರು. ಸಾವಿರ ಲೀಟರಿಗೆ ಒಂದು ಘನ ಮೀಟರು. ಮೂವತ್ತಾರು.

ಪೆನ್ಸಿಲು ನಿಂತಿತು. ಮತ್ತೆ ಮಾಡಿದಳು. ಮೂವತ್ತಾರೇ.

"ಏನಾಯ್ತವ್ವ? ಮುಖ ಸುಣ್ಣ ಆಗಿದೆ."

ಮೂರು ವಾರದ ಹಿಂದೆ, ಮೇಲಿನ ಅವಕಾಡೊ ತೋಟದವರ ಪರವಾಗಿ ರಾಜಧಾನಿ ಸಾಂತಿಯಾಗೊದ ವಕೀಲನೊಬ್ಬ ಒಪ್ಪಿಗೆ ಪತ್ರ ತಂದಿದ್ದ: ಒರತೆಯಿಂದ ತೋಟಕ್ಕೆ ಮೂವತ್ತಾರು ಘನ ಮೀಟರು. ತಿಂಗಳಿಗೊಮ್ಮೆ ಮನೆಮನೆಯ ಮೀಟರು ಓದುವವಳಿಗೆ ಘನ ಮೀಟರೆಂದರೆ ತಿಂಗಳದ್ದೇ. ಅವಳ ಮನೆಯಲ್ಲಿ ಹದಿನೈದು ಓಡುತ್ತಿತ್ತು. "ಎರಡು ಮನೆ ನೀರಿಗಿಂತ ಚೂರು ಜಾಸ್ತಿ, ಕೊಡೋಣ," ಎಂದು ಸಭೆಯಲ್ಲಿ ಹೇಳಿದವಳು ಅವಳೇ. ಅರವತ್ತೆರಡು ಮನೆಯವರೂ ಸಹಿ ಹಾಕಿದ್ದರು. ಪತ್ರದಲ್ಲಿ ಆ ಸಂಖ್ಯೆಯ ಪಕ್ಕ 'ಗಂಟೆಗೆ' ಎಂದಿತ್ತು. ಅದನ್ನು ಅವಳು ಓದಿಯೂ ಇದ್ದಳು.

"ದೋನ್ ನೊಲ್ಬೆರ್ತೊ, ಒರತೆ ಪೂರ್ತಿ ಕೊಟ್ಬಿಟ್ಟಿದೀವಿ."

"ಪೂರ್ತಿ ಅಂದ್ರೆ?"

"ಈ ಡ್ರಮ್ಮಿಗೆ ಬೀಳ್ತಿರೋದಷ್ಟೂ."

ನೊಲ್ಬೆರ್ತೊ ಟೋಪಿ ತೆಗೆದ. ಬೈಯುತ್ತಾನೆಂದುಕೊಂಡಳು. ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

"ಕಚೇರಿಗೆ ತಕರಾರು ಕೊಡೋಕೆ ಎಲ್ಲೀ ತನಕ ಟೈಮು?"

"ಶುಕ್ರವಾರ." ಅಂದು ಬುಧವಾರ.

"ಮತ್ತೆ ಇಲ್ಲೇನು ಕೂತಿದೀಯ? ಅರವತ್ತೆರಡು ಬಾಗಿಲು ತಟ್ಬೇಕು."

"ಏನಂತ ಹೇಳ್ಲಿ?"

"ಇದ್ದದ್ದು ಇದ್ದಂಗೆ. ಅದಕ್ಕೆ ಎದ್ದು ಬಂದು ಎದೆಗೆ ಒದೆಯೋಳು ನಮ್ಮೂರಲ್ಲಿ ಎದುವಿನಾ ಒಬ್ಳೇ. ಅವಳ ಮನೆಯಿಂದ್ಲೇ ಶುರು ಮಾಡು."

ಇಳಿಜಾರಿನಲ್ಲಿ ಅವಳ ಕಾಲು ಎರಡು ಸಲ ಜಾರಿತು. ಎದುವಿನಾ ಅಂಗಳದ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಬಾರೆ, ನಮ್ಮೂರ ವಿದ್ಯಾವಂತೆ! ಮತ್ತೆ ಸಹಿ ಬೇಕಾ? ಕೊಡು. ನೀನು ಓದಿದ್ರೆ ನಾನು ಓದ್ದಂಗೇ."

ಲಂಗಕ್ಕೆ ಒರೆಸಿಕೊಂಡು ಕೈ ಚಾಚಿದಳು. ಹಿಂದೆ ನಲ್ಲಿ ತೆರೆದೇ ಇತ್ತು. ನೀರು ಕಲ್ಲಿನ ಮೇಲೆ ಬಿದ್ದು ಕೋಳಿಗಳ ಕಾಲಡಿಯಲ್ಲಿ ಮಣ್ಣಿಗಿಳಿಯುತ್ತಿತ್ತು. ಎರ್ಸಿಲಿಯಾ ಅದನ್ನೇ ನೋಡುತ್ತ ನಿಂತಳು. ಆಮೇಲೆ ಇದ್ದದ್ದು ಇದ್ದಂತೆ ಹೇಳಿದಳು.

ತಕರಾರು ಶುಕ್ರವಾರವೇ ಕಚೇರಿ ಸೇರಿತು. ಅದನ್ನು ಒಪ್ಪುತ್ತಾರೋ ಇಲ್ಲವೋ, ಇನ್ನೂ ಯಾರಿಗೂ ಗೊತ್ತಿಲ್ಲ.