ಮೇಜಿನ ಊಟ

"ಕೂಸು ಒಳಗ ಬರಂಗಿಲ್ರಿ," ಎಂದ ಬಾಗಿಲಲ್ಲಿ ನಿಂತಿದ್ದ ಬಿಳಿ ರುಮಾಲಿನ ಆಳು.

ದೇವಕಮ್ಮ ಸೊಂಟದ ಮೇಲಿದ್ದ ಮಗಳನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡು ಗಂಡನ ಮುಖ ನೋಡಿದಳು. ಜಗದೇವಪ್ಪ ಮಾಸ್ತರನ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ. ಈ ಮಾತು ಬರುತ್ತದೆಂದು ಇವನಿಗೆ ಮೊದಲೇ ಗೊತ್ತಿತ್ತು ಎಂಬುದು ಅವಳಿಗೆ ಆ ಹೊಸ್ತಿಲಲ್ಲೇ ಹೊಳೆಯಿತು.

ಹತ್ತು ದಿನ ಹೈದರಾಬಾದು ತೋರಿಸಿಕೊಂಡು ಬರುತ್ತೇನೆಂದು ಹೊರಡಿಸಿದ್ದ ಪುಣ್ಯಾತ್ಮ. ಮದುವೆಯಾದ ಆರು ವರ್ಷದಲ್ಲಿ ತವರುಮನೆ ಮತ್ತು ತಿಂಥಣಿ ಬಿಟ್ಟರೆ ಮತ್ತೊಂದು ಊರು ಕಾಣದವಳು ದೇವಕಮ್ಮ. ಬೇಸಿಗೆ ರಜೆಗೆ ಚಾರ್ಮಿನಾರು ನೋಡುವುದೆಂದರೆ ಕುಣಿಯುವುದೊಂದು ಬಾಕಿ. ಸುರಪುರದಲ್ಲಿ ಬೆಳಗಾಗುವುದರೊಳಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದ್ದಳು. ಯುದ್ಧ ಶುರುವಾದಾಗಿನಿಂದ ಪೆಟ್ರೋಲಿನ ಮುಖ ಕಾಣದೆ ಇದ್ದಿಲಿನ ಹೊಗೆಯಲ್ಲೇ ಓಡುತ್ತಿದ್ದ ಆ ಬಸ್ಸು ಶಹಾಪುರದಲ್ಲಿ ನಿಂತು ಇದ್ದಿಲು ತುಂಬಿಸಿಕೊಳ್ಳುವಾಗ ಗಂಡ ಬಾಯಿ ಬಿಟ್ಟ. ಯಾದಗಿರಿಯ ಹೊಟೇಲಿನಲ್ಲಿ ಮಾಥುರ ಸಾಹೇಬರು ಊಟಕ್ಕೆ ಕರೆದಿದ್ದಾರೆ. ಸಾಹೇಬರೆಂದರೆ ಶಾಲೆಗಳ ಮೊಹತಮೀಮರು, ಮಾಸ್ತರರನ್ನು ಏರಿಸುವವರೂ ಅವರೇ, ಇಳಿಸುವವರೂ ಅವರೇ. ಯಾದಗಿರಿಯ ಶಾಲೆಯಲ್ಲಿ ಹೆಡ್‌ಮಾಸ್ತರನ ಜಾಗ ಖಾಲಿ ಬಿದ್ದಿದೆ. ಸಾಹೇಬರು ಹೆಂಡತಿಯೊಂದಿಗೆ ಮಧ್ಯಾಹ್ನದ ಮೇಲ್ ಗಾಡಿಗೆ ಹೊರಟಿದ್ದಾರೆ. ಅದಕ್ಕೂ ಮೊದಲು ಮಾಸ್ತರನನ್ನೂ ಅವನ ಮನೆಯವಳನ್ನೂ ಮೇಜಿನ ಮುಂದೆ ಕೂರಿಸಿಕೊಂಡು ನೋಡಬೇಕಂತೆ.

"ಅವರು ಏಳೋ ತನಕ ನೀ ಏಳಬ್ಯಾಡ," ಎಂದು ಬಸ್ಸಿನಲ್ಲಿ ಪಾಠ ಒಪ್ಪಿಸಿದ್ದ. "ಬೆರಳು ನೆಕ್ಕಬ್ಯಾಡ. ಮನ್ಯಾಗಿನಂಗ ತಾಟು ತೊಳದು ಕುಡಿಯಂತೂ ಬ್ಯಾಡ. ಮಾತು ಕೇಳಿದ್ರ 'ಜೀ' ಅನ್ನು, ಸಾಕು." ಕೂಸಿನ ಮಾತನ್ನು ಮಾತ್ರ ನುಂಗಿಕೊಂಡಿದ್ದ.

ಈಗ ಹೊಟೇಲಿನ ಪಕ್ಕದ ಸಂದಿಯಿಂದ ನಡುವಯಸ್ಸಿನ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸುತ್ತ ಬಂದಳು. ಪಾತ್ರೆ ತಿಕ್ಕುವ ಸುಗರಾಬಿ. ದೊಡ್ಡವರ ಮಕ್ಕಳನ್ನು ಊಟ ಮುಗಿಯುವವರೆಗೆ ಹಿಂದಿನ ಪಡಸಾಲೆಯಲ್ಲಿ ನೋಡಿಕೊಳ್ಳುವುದೂ ಅವಳ ಕೆಲಸವೇ.

"ಕೊಡ್ರಿ ಯವ್ವಾ, ನಾ ಆಡಸ್ತೀನಿ."

"ಅದು ಹೊಸಬರ ಹಂತ್ಯಾಕ ಇರಂಗಿಲ್ಲರಿ," ಎಂದಳು ದೇವಕಮ್ಮ ಗಂಡನಿಗೆ. "ಮೂರು ವರ್ಷದ ಕೂಸರಿ. ತೊಡಿ ಮ್ಯಾಲ ಕುಂಡ್ರಸ್ಕೋತೀನಿ. ಒಂದು ಮಾತು ಆಡಂಗಿಲ್ಲ."

"ಹುಚ್ಚಿ ಇದ್ದೀಯೇನು? ಇಂಥಾ ಜಾಗದಾಗ ಕೂಸು ಕರಕೊಂಡು ಯಾರು ಕುಂಡ್ರತಾರ? ಅರ್ಧಾ ತಾಸು. ಆಮ್ಯಾಲ ಹೈದರಾಬಾದ್ ತುಂಬ ಎತಗೊಂಡು ತಿರುಗು."

ಕೂಸು ಮೋನಿ, ತಾಯಿಯ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿತ್ತು. ಜಗದೇವಪ್ಪ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಒಳಗೆ ಕಿಟಕಿಗಳಿಗೆಲ್ಲ ಲಾವಂಚದ ತಟ್ಟಿ ಕಟ್ಟಿ ನೀರು ಹೊಡೆದಿದ್ದರು. ಹೊರಗಿನ ಬಿಸಿಲಿಗೆ ಅದು ಸ್ವರ್ಗವೇ ಸರಿ. ಬಿಳಿ ಬಟ್ಟೆ ಹಾಸಿದ ಮೇಜು, ಪಿಂಗಾಣಿ ತಾಟುಗಳು, ಎತ್ತರದ ಕುರ್ಚಿಗಳು. ದೇವಕಮ್ಮ ಕೂತ ಕೂಡಲೇ ಆಳು ಹಿಂದಿನಿಂದ ಕುರ್ಚಿಯನ್ನು ಮೇಜಿನೊಳಕ್ಕೆ ಒತ್ತಿದ. ಅಂಚು ಹೊಟ್ಟೆಗೆ ತಾಗಿತು, ಕಾಲು ನೆಲಕ್ಕೆ ಎಟುಕಲಿಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಎಮ್ಮೆಯನ್ನು ಗೋಡೆಗೆ ಒತ್ತಿ ನಿಲ್ಲಿಸುವುದು ಅವಳಿಗೆ ನೆನಪಾಯಿತು.

ಮಾಥುರ ಸಾಹೇಬರು ತೆಳ್ಳಗಿನ ಮನುಷ್ಯ, ಮೆಲುದನಿ. ಅವರ ಹೆಂಡತಿ ಮಾಂಸ ಮುಟ್ಟುವವರಲ್ಲವಾದ್ದರಿಂದ ಅಡಿಗೆಯೆಲ್ಲ ಕಾಯಿಪಲ್ಲೆಯದೇ ಎಂದು ಅವರೇ ಹೇಳಿ ಸಮಾಧಾನಪಡಿಸಿದರು. ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ದೇವಕಮ್ಮನಿಗೆ ಸುಲಭವಾಗುತ್ತಿತ್ತು.

ಮೊದಲು ಬಟ್ಟಲಿನಲ್ಲಿ ಟೊಮ್ಯಾಟೊದ ಬಿಸಿ ಸಾರು ಬಂತು. ಅವಳು ಚಮಚ ಎತ್ತುವುದಕ್ಕೂ ಹಿಂದಿನಿಂದ ಮೋನಿಯ ಅಳು ಕೇಳುವುದಕ್ಕೂ ಸರಿಹೋಯಿತು. ಸಿಟ್ಟಿನ ಅಳು ಅದು. ದೇವಕಮ್ಮನಿಗೆ ಮಗಳ ಎಲ್ಲ ಅಳುಗಳೂ ಗೊತ್ತಿದ್ದವು. ಸಿಟ್ಟಿನದಾದರೆ ಚಿಂತೆಯಿಲ್ಲ, ತಾನೇ ದಣಿಯುತ್ತದೆ. ಸಾರನ್ನು ನಾಲ್ಕೇ ಗುಟುಕಿಗೆ ಮುಗಿಸಿದಳು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಆಳು ಬಟ್ಟಲು ಒಯ್ದು ಹೊಸ ತಾಟು ಇಟ್ಟ. ಅದರ ಮೇಲೆ ಆಲೂಗಡ್ಡೆಯ ಕಟ್ಲೇಟು. ಅದನ್ನು ತಿಂದಳು. ಆ ತಾಟೂ ಹೋಯಿತು, ಇನ್ನೊಂದು ಬಂತು. ಪೂರಿ, ಗುತ್ತಿ ಬದನೆಕಾಯಿ. ಎಷ್ಟು ಬೇಗ ತಿಂದರೆ ಅಷ್ಟು ಬೇಗ ಬಿಡುಗಡೆ ಎಂದು ಅವಳು ಲೆಕ್ಕ ಹಾಕಿದ್ದರೆ, ಎಷ್ಟು ಬೇಗ ತಿಂದರೆ ಅಷ್ಟು ಬೇಗ ಮತ್ತೊಂದು ತಾಟು ಬರುತ್ತಿತ್ತು.

ಹಿಂದಿನ ಅಳು ಈಗ ಬದಲಾಗಿತ್ತು. ಅಂಜಿದ ಅಳು.

"ಯಾರದೋ ಮಗು," ಎಂದರು ಸಾಹೇಬರ ಹೆಂಡತಿ ಉರ್ದುವಿನಲ್ಲಿ, ಹುಬ್ಬು ಗಂಟಿಕ್ಕಿ. "ಚಮಚ ಹಿಡಿಯಲು ಬಾರದ ಮಕ್ಕಳನ್ನು ಜನ ಪ್ರಯಾಣಕ್ಕೆ ಯಾಕಾದರೂ ತರುತ್ತಾರೋ. ನಮ್ಮವೆರಡನ್ನೂ ಆಯಾ ಹತ್ತಿರ ಬಿಟ್ಟು ಬಂದಿದ್ದೇವೆ. ಮಕ್ಕಳಿಗೂ ಸುಖ, ನಮಗೂ ಸುಖ."

ದೇವಕಮ್ಮನಿಗೆ ಉರ್ದು ಬಜಾರಿನಷ್ಟು ಗೊತ್ತು. ಇಷ್ಟು ತಿಳಿಯಲು ಅಷ್ಟೇ ಸಾಕಾಯಿತು. ನಮ್ಮದೇ ಎಂದು ಗಂಡ ಹೇಳಲಿ ಎಂದು ಅವನತ್ತ ನೋಡಿದಳು. ಜಗದೇವಪ್ಪ ಪೂರಿಯನ್ನು ಮುಳ್ಳುಚಮಚದಿಂದ ಹರಿಯಲು ಹೆಣಗುತ್ತಿದ್ದ.

"ಮಾಸ್ತರ್ ಸಾಹೇಬರನ್ನೇ ಕೇಳೋಣ," ಎಂದು ಮಾಥುರ ಸಾಹೇಬರು ನಕ್ಕರು. "ದಿನಾ ಮಕ್ಕಳ ನಡುವೆ ಇರುವವರು. ಏನಂತೀರಿ? ಇಂಥ ಕಡೆ ಚಿಕ್ಕ ಮಕ್ಕಳನ್ನು ಬಿಡಬೇಕೋ ಬೇಡವೋ?"

ಜಗದೇವಪ್ಪ ಬಾಯಿ ಒರೆಸಿಕೊಂಡ. ಹಿಂದಿನ ಅಳು ಆ ಹೊತ್ತಿಗೆ 'ಯವ್ವಾ' ಎಂಬ ಮಾತಾಗಿತ್ತು. ಅದು ಅವನ ಕಿವಿಗೂ ಬಿದ್ದಿರಲೇಬೇಕು.

"ಬಿಲ್‌ಕುಲ್ ಬೇಡ ಹುಜೂರ್," ಎಂದ ತನ್ನ ಶಾಲೆಯ ಶುದ್ಧ ಉರ್ದುವಿನಲ್ಲಿ. "ತಮೀಜು, ನಡತೆ ಕಲಿತ ಮೇಲೆಯೇ ಮೇಜು. ತಾಯಂದಿರ ಮುದ್ದಿನಿಂದಲೇ ಮಕ್ಕಳು ಕೆಡುವುದು."

ಸಾಹೇಬರು ಮೆಚ್ಚಿ ತಲೆದೂಗಿದರು. ದೇವಕಮ್ಮ ಗಂಡನನ್ನು ನೋಡುತ್ತಲೇ ಇದ್ದಳು. ಅವನನ್ನು ಕಂಡು ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಮನೆಯಲ್ಲಿ ಮೋನಿಯ ಬಾಯಿಗೆ ಮೊದಲ ತುತ್ತು ಇಡದೆ ಇದೇ ಮನುಷ್ಯ ಉಣ್ಣುತ್ತಿರಲಿಲ್ಲ. ಆಮೇಲೆ ಹೆಡ್‌ಮಾಸ್ತರಿಕೆ ನೆನಪಾಯಿತು. ಅದು ತಪ್ಪಿದರೆ ಯಾವ ಮೂಲೆಯ ಹಳ್ಳಿಗೆ ಹಾಕುತ್ತಾರೋ. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಳು.

ಪುಲಾವು ಬಂದಾಗ ಅಳು ಥಟ್ಟನೆ ನಿಂತಿತು.

"ಹಾ, ಮುಗೀತು," ಎಂದರು ಸಾಹೇಬರ ಹೆಂಡತಿ, ನೆಮ್ಮದಿಯಿಂದ.

ದೇವಕಮ್ಮ ಮಾತ್ರ ಚಮಚ ಕೆಳಗಿಟ್ಟಳು. ಮೋನಿಯ ಅಳು ಹಾಗೆ ನಿಲ್ಲುವುದಲ್ಲ. ಬಿಕ್ಕಿ ಬಿಕ್ಕಿ, ಮೂಗು ಎಳೆದು, ನಾಲ್ಕು ಸಲ ಮತ್ತೆ ಶುರುವಾಗಿ ನಿಲ್ಲುವಂಥದ್ದು. ಕಿವಿಗೊಟ್ಟು ಕೇಳಿದಳು. ಎಲ್ಲರ ಚಮಚಗಳ ಸದ್ದು ಬಿಟ್ಟರೆ ಏನೂ ಇಲ್ಲ. ಸಾಹೇಬರು ಯಾವುದೋ ಹೊಸ ಪಠ್ಯಪುಸ್ತಕದ ಮಾತು ಎತ್ತಿದ್ದರು. ಅವರ ತಾಟಿನಲ್ಲಿ ಪುಲಾವು ಹಾಗೇ ಇತ್ತು, ಇನ್ನು ಖುಬಾನಿಯ ಮೀಠಾ ಬರಬೇಕಂತೆ, ಆಮೇಲೆ ಕಾಫಿಯಂತೆ. ಇವರು ಏಳುವ ಲಕ್ಷಣವೇ ಇಲ್ಲ. ತಾನು ಏಳುವಂತಿಲ್ಲ.

ಪುಲಾವನ್ನು ಅವಳು ಬೆರಳಿನಿಂದಲೇ ಬಾಯಿಗೆ ಹಾಕಿಕೊಳ್ಳತೊಡಗಿದಳು. ಗಂಡನ ಕಾಲು ಮೇಜಿನ ಕೆಳಗೆ ಅವಳ ಕಾಲನ್ನು ಮುಟ್ಟಿ ಎಚ್ಚರಿಸಿತು. ಕೊನೆಯ ಅಗುಳೂ ಮುಗಿಯಿತು. ಹೊಸ ತಾಟು ಹಿಡಿದ ಆಳು ಮೇಜಿನ ಆ ಕಡೆಯಿಂದ ಬರುತ್ತಿದ್ದ.

ದೇವಕಮ್ಮ ಗಾಜಿನ ಲೋಟ ಎತ್ತಿ ನೀರನ್ನು ತಾಟಿಗೆ ಸುರಿದುಕೊಂಡಳು.

ಹಿರಿಯರಿಂದ ಬಂದ ನೇಮ ಅದು. ತಾಟಿನಲ್ಲಿದ್ದದ್ದು ಪ್ರಸಾದ, ಮಣ್ಣುಪಾಲಾಗಬಾರದು. ನೀರು ಹಾಕಿ ತೊಳೆದು ಕುಡಿಯಬೇಕು. ಕುಡಿದವರ ಊಟ ಅಲ್ಲಿಗೆ ಮುಗಿಯಿತು. ಮತ್ತೆ ಅವರಿಗೆ ಬಡಿಸುವಂತಿಲ್ಲ, ಇನ್ನೂ ಕೂಡು ಎನ್ನುವಂತಿಲ್ಲ. ಅವರ ಕೇರಿಯಲ್ಲಿ ಅತ್ತೆ ಕೂಡ ಸೊಸೆಗೆ ಹಾಗೆ ಹೇಳುವುದಿಲ್ಲ. ದೇವಕಮ್ಮ ಅಂಚಿನಿಂದ ಅಂಚಿಗೆ ಬೆರಳಾಡಿಸಿ ತೊಳೆದಳು, ಪಿಂಗಾಣಿ ತಾಟನ್ನು ಎರಡೂ ಕೈಯಲ್ಲಿ ಎತ್ತಿದಳು, ತುಪ್ಪ ತೇಲುತ್ತಿದ್ದ ನೀರನ್ನು ಗಟಗಟ ಕುಡಿದಳು. ಸಾಹೇಬರ ಮಾತು ನಡುವೆಯೇ ನಿಂತಿತು. ಅವರ ಹೆಂಡತಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು.

"ನಂದು ಆತ್ರಿ," ಎಂದಳು ದೇವಕಮ್ಮ, ಯಾರಿಗೆಂದಲ್ಲ. ಮೇಜಿಗೆ ಕೈಯೂರಿ ಕುರ್ಚಿಯನ್ನು ಹಿಂದಕ್ಕೆ ದೂಡಿದಳು.

"ಕೂಡು," ಎಂದ ಜಗದೇವಪ್ಪ ಹಲ್ಲು ಕಚ್ಚಿ. "ದೇವಕೀ, ಕೂಡಂತೀನಿ."

"ತಾಟು ತೊಳದೀನ್ರಿ," ಎಂದಳು ಅವಳು. ಅವನಿಗೆ ಅರ್ಥವಾಗದ ಮಾತೇನೂ ಆಗಿರಲಿಲ್ಲ ಅದು.

ಅಡಿಗೆಮನೆ ದಾಟಿ ಹಿಂದಿನ ಪಡಸಾಲೆಗೆ ಅವಳು ಓಡಿಯೇ ಹೋದಳು. ಸುಗರಾಬಿ ಬೂದಿ ಹಚ್ಚಿ ಡಬರಿ ತಿಕ್ಕುತ್ತಿದ್ದಳು. ಆಚೆ ಕಂಬದ ಬುಡದಲ್ಲಿ ಮೋನಿ ಕೂತಿತ್ತು. ಅದರ ಎಡಗೈಯ ಮಣಿಕಟ್ಟಿಗೆ ಹಳೆ ಸೀರೆಯ ಚಿಂದಿ ಸುತ್ತಿ, ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದ್ದರು.

"ನನ್ನ ತಪ್ಪಿಲ್ರೆವ್ವಾ," ಎಂದು ಸುಗರಾಬಿ ಗಾಬರಿಯಿಂದ ಎದ್ದಳು. "ಒಳಗ ಓಡಾಕತ್ತಿತ್ತು. ಒಂದು ಕೂಸು ಒಳಗ ಹೋದ್ರ ನನ್ನ ಕೆಲಸ ಹೋಗತದ. ಎಲ್ಲಾವೂ ಹಿಂಗೇ ಕಟ್ತೀನ್ರಿ. ತಡೀರಿ, ಚಾಕು ತರ್ತೀನಿ."

ದೇವಕಮ್ಮ ಕುಕ್ಕರಗಾಲಲ್ಲಿ ಕೂತು ಗಂಟಿಗೆ ಉಗುರು ಹಾಕಿದಳು. ಬೆರಳಿಗೆ ಪುಲಾವಿನ ತುಪ್ಪ ಅಂಟಿತ್ತು, ಗಂಟು ಜಾರುತ್ತಿತ್ತು. ಮೋನಿ ಅಳಲಿಲ್ಲ, ಮೈಮೇಲೆ ಬೀಳಲಿಲ್ಲ. ಯಾವುದೋ ಕೆಲಸ ಹಿಡಿದವರ ಹಾಗೆ ಗಂಟನ್ನೇ ನೋಡುತ್ತಿತ್ತು. ಒಳಗಿನಿಂದ ಜಗದೇವಪ್ಪನ ದನಿ ಕೇಳಿತು. "ಹಳ್ಳಿ ಹೆಣ್ಣು ಹುಜೂರ್, ಮಾಫಿ ಇರಲಿ," ಎನ್ನುತ್ತಿದ್ದ. ಆಮೇಲೆ ನಗು. ಮೊದಲು ಒಬ್ಬರದು, ನಂತರ ಮೂವರದೂ.

ಅವಳು ಬಾಗಿ ಗಂಟನ್ನು ಹಲ್ಲಿನಿಂದ ಹಿಡಿದಳು.

"ಅಲ್ಲಲ್ಲವ್ವಾ," ಎಂದಿತು ಮೋನಿ, ಕಟ್ಟಿಲ್ಲದ ಕೈಯಿಂದ ತಾಯಿಯ ಗಲ್ಲವನ್ನು ಪಕ್ಕಕ್ಕೆ ಸರಿಸುತ್ತ. "ಇಲ್ಲಿ ಕಡಿ. ಇಲ್ಲಿ ಮೆತ್ತಗ ಆಗ್ಯಾದ."

ದೇವಕಮ್ಮ ಅದು ತೋರಿಸಿದಲ್ಲಿ ಬಾಯಿ ಹಚ್ಚಿದಳು. ಬಟ್ಟೆ ಅಲ್ಲಿ ಪುಟ್ಟ ಹಲ್ಲುಗಳಿಗೆ ಸಿಕ್ಕು ತೊಯ್ದು ಬೆಚ್ಚಗಿತ್ತು.